ಹನ್ನೊಂದು ಸುತ್ತು

ಅರ್ವೈಹೇರ್ ಪೇಟೆಯ ಅಂಚಿಗೆ, ಗಾಳಿಗೆ ಬೆನ್ನು ಕೊಟ್ಟು
ನಿಂತಿದೆ ನನ್ನ ಕಂಟೇನರು. ಅದೇ ಗ್ಯಾರೇಜು.
ವಸಂತದ ಧೂಳಿನ ಜೊತೆ ಬಂದ ಯೋಂಡೋನ್
ಡೆಲಿಕಾದ ಹೊಟ್ಟೆ ತೋರಿಸಿದ:
ಓಂಗಿ ಹೊಳೆಯ ಕಲ್ಲು ಗೀರಿದ ಗಾಯ
ಎದೆಯಿಂದ ಬಾಲದವರೆಗೆ.
"ಎತ್ತಿಬಿಡು ಗೋಂಚಿಗ್, ಒಂದು ಗೇಣು."

ಗೇಣೆಲ್ಲ ಆಗಲ್ಲ, ಎಂದೆ. ಮೂರು ಬೆರಳು. ಅದೂ ಸಾಲ.

ಹಿಂದೆ ಪ್ಲೇಟುಗಳಿವೆ, ಒಂದು ದಿಮ್ಮಿ ಇಟ್ಟರೆ ಮುಗಿಯಿತು.
ಮುಂದಿನದೇ ಕತೆ. ಅಲ್ಲಿ ಸುರುಳಿ ಸ್ಪ್ರಿಂಗಿಲ್ಲ,
ಉದ್ದಕ್ಕೆ ಮಲಗಿದ ಒಂದೊಂದು ಉಕ್ಕಿನ ಸರಳು,
ಒಂದು ತುದಿ ಚಕ್ರದ ತೋಳಿಗೆ, ಇನ್ನೊಂದು ಚಾಸಿಗೆ.
ಒದ್ದೆ ಬಟ್ಟೆಯ ಹಾಗೆ ಹಿಂಡಬೇಕು ಅದನ್ನು;
ಹಿಂಡಿಸಿಕೊಂಡಷ್ಟೂ ಗಾಡಿಯನ್ನು ಮೇಲಕ್ಕೆ ನೂಕುತ್ತದೆ.
ಉದ್ದವಾಗುವುದಿಲ್ಲ, ದಪ್ಪವಾಗುವುದಿಲ್ಲ,
ನೋಡಿದರೆ ಏನೂ ಆಗಿಲ್ಲದ ಹಾಗೇ ಮಲಗಿರುತ್ತದೆ.
ನಮ್ಮಪ್ಪನೂ ಹಾಗೇ ಇದ್ದ. ಬಿಡಿ, ಅದು ಬೇರೆ ಮಾತು.

ಜಾಕ್ ಕೊಟ್ಟು ಚಕ್ರಕ್ಕೆ ನೆಲ ಬಿಡಿಸಿದೆ.
ಭಾರ ಹೊತ್ತಿರುವಾಗಲೇ ತಿರುಗಿಸ ಹೊರಟವನು
ಬೋಲ್ಟಿನ ಥ್ರೆಡ್ಡನ್ನೂ ಕಳೆದುಕೊಳ್ಳುತ್ತಾನೆ, ತನ್ನ ಹಲ್ಲನ್ನೂ.
ಸ್ಪ್ಯಾನರು, ಅದಕ್ಕೊಂದು ಮೊಳದುದ್ದ ಪೈಪು.
ಎಡಕ್ಕೆ ಹನ್ನೊಂದು ಸುತ್ತು. ಬಲಕ್ಕೆ ಹನ್ನೊಂದೂವರೆ:
ಜಪಾನಿನ ಗಾಡಿ, ಸ್ಟೀರಿಂಗು ಬಲಕ್ಕೆ,
ಅಲ್ಲಿ ಯೋಂಡೋನ್ ಕೂರುತ್ತಾನೆ.

ಇಳಿಸಿ, ಹಿಂದೆ ಮುಂದೆ ಉರುಳಿಸಿ, ಬಂಪರಿನ ಮೇಲೆ ನಿಂತು ಕುಣಿದು
ಟೇಪು ಹಿಡಿದೆ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ.
ಮೂರು ಬೆರಳು, ಕೂದಲೆಳೆಯೂ ಹೆಚ್ಚಿಲ್ಲ.
ಯೋಂಡೋನ್ ಬಗ್ಗಿ, ಗಾಡಿಯಡಿಯಿಂದ
ಆಚೆ ಬದಿಯ ಆಕಾಶ ನೋಡಿದ.

ಹೇಳಿದ್ದೆ: ಎತ್ತರ ಪುಕ್ಕಟೆ ಬರುವುದಿಲ್ಲ.
ಹೊಟ್ಟೆ ಏರಿದಷ್ಟೂ ಚಕ್ರ ಮೊದಲೇ ಜೋತಿರುತ್ತದೆ,
ಗುಂಡಿ ಬಂದಾಗ ಇಳಿಯಲು ಅದಕ್ಕೆ ಜಾಗ ಉಳಿದಿರುವುದಿಲ್ಲ.
ಟಕ್ ಅನ್ನುತ್ತದೆ. ಹಲ್ಲು ಕಚ್ಚಿಕೋ.
ಬೇಸಿಗೆಯಿಡೀ ಟಕ್ಕೆನ್ನುತ್ತ ಹೊಳೆ ದಾಟಿದ
ಉಣ್ಣೆ ಹೇರಿ, ಹಿಟ್ಟು ಹೇರಿ, ಒಮ್ಮೆ ಯಾರದೋ ಮದುವೆಯ ಬೀರು ಹೇರಿ.
ಎರಡು ಬಾಲ್ ಜಾಯಿಂಟು ತಿಂದ. ದುಡ್ಡು ಕೊಟ್ಟ, ಬೈಯಲಿಲ್ಲ.

ಮೊದಲ ಹಿಮಕ್ಕೆ ದುಲಮ್‌ಜಾವ್ ಟೀಚರು
ನೀರಿಗೆ ಹೋದವರು ಜಾರಿ ಸೊಂಟ ಮುರಿದುಕೊಂಡರು.
ನಮ್ಮಿಬ್ಬರಿಗೂ ಮಗ್ಗಿ ಕಲಿಸಿದವರು; ತಪ್ಪಿದರೆ
ಬೆರಳ ಗೆಣ್ಣಿಗೆ ಸ್ಕೇಲಿನ ಅಂಚು.
ತಿಂಗಳಿಗೊಮ್ಮೆ ಉಲಾನ್‌ಬಾತರಿನ ಆಸ್ಪತ್ರೆಗೆ
ಕರೆದೊಯ್ಯುವವನು ಯೋಂಡೋನ್.
ಮೊದಲ ಸಲ ಸ್ಟೂಲು ಇಟ್ಟ, ಸ್ಟೂಲಿನ ಮೇಲೆ ಹಲಗೆ ಇಟ್ಟ,
ಕೊನೆಗೆ ಉಣ್ಣೆ ಮೂಟೆಯ ಹಾಗೆ ಎತ್ತಿ ಒಳಗಿಟ್ಟ.
ದಾರಿಯುದ್ದಕ್ಕೂ ಟೀಚರು ಮಾತಾಡಲಿಲ್ಲವಂತೆ.

ಬಂದ ಮರುದಿನವೇ ಗಾಡಿ ನನ್ನ ಬಾಗಿಲಲ್ಲಿ. "ಇಳಿಸು."
"ಹೊಳೆ?"
"ಹೊಳೆ ಹೆಪ್ಪುಗಟ್ಟಿದೆ."

ಬಿಗಿದದ್ದನ್ನು ಬಿಚ್ಚುವುದೇ ಕಷ್ಟ.
ಎಡದ ನಟ್ಟು ತುಕ್ಕಿನೊಳಗೆ ತಪಸ್ಸಿಗೆ ಕೂತಿತ್ತು.
ಡೀಸೆಲ್ ಹೊಯ್ದೆ, ಬೆಂಕಿ ತೋರಿಸಿದೆ,
ಆಡಬಾರದ್ದೆಲ್ಲ ಆಡಿದೆ.
ಬೆರಳು ಕಬ್ಬಿಣಕ್ಕೆ ಅಂಟುವ ಚಳಿಯಲ್ಲಿ ಒಂದೊಂದೇ ಸುತ್ತು.
ಹುರಿ ಬಿಚ್ಚಿದ ಸರಳು ನಿಟ್ಟುಸಿರಿಟ್ಟಿತು ಎನ್ನಲು ಆಸೆ;
ನಿಜ ಹೇಳಬೇಕೆಂದರೆ ಕಿರುಗುಟ್ಟಿತು, ನಾಯಿ ಬೊಗಳಿತು.

ಟೀಚರು ಊರುಗೋಲು ಊರಿ ಬಂದರು.
ಮೆಟ್ಟಿಲಿಗೆ ಕಾಲಿಟ್ಟರು, ಮಂಡಿ ಎಷ್ಟು ಮಡಿಯುವುದೋ ಅಷ್ಟೇ ಎತ್ತರ.
ನಾವು ಕೈ ಚಾಚಲಿಲ್ಲ. ಚಾಚಬಾರದೆಂದು ಗೊತ್ತಿತ್ತು.
ಕೂತು, ಕೋಟು ಸರಿಮಾಡಿಕೊಂಡು,
"ಎಷ್ಟು ಸುತ್ತು ಬಿಚ್ಚಿದೆ?"
"ಹನ್ನೊಂದು, ಟೀಚರ್."
"ಎರಡೂ ಕಡೆ?"
ನನ್ನ ಬೆರಳು ತಾವಾಗಿಯೇ ಮುಷ್ಟಿಯೊಳಗೆ ಮುದುಡಿದವು.
"ಎರಡೂ ಕಡೆ. ಬಲಕ್ಕೆ ಅರ್ಧ ಬಾಕಿ ಇಟ್ಟಿದ್ದೇನೆ."
"ಯಾಕೆ?"
"ಯೋಂಡೋನ್ ದಪ್ಪ ಇದ್ದಾನೆ."

ಟೀಚರು ಅವನನ್ನು ಮೇಲಿಂದ ಕೆಳಗೆ ಅಳೆದರು.
"ಸರಿ. ಬಾಕಿಯನ್ನು ಮೊದಲೇ ಹೇಳಬೇಕು."

ದೀಪ ತಿದ್ದಲು ಮರೆತಿದ್ದೆ.
ಗಾಡಿ ಹೋಯಿತು ಟಾರು ರಸ್ತೆಯ ಕಡೆ,
ತನ್ನ ಮೂಗಿನ ಮುಂದಿನ ಹಿಮವನ್ನಷ್ಟೇ ಬೆಳಗುತ್ತ.