ಶೀಘ್ರಲಿಪಿಗಾರ್ತಿ ಕಾರು ಕೊಂಡದ್ದು

ತೀರ್ಥಹಳ್ಳಿ ಕೋರ್ಟಿಗೆ ವರ್ಗವಾದ ಆದೇಶ
ನಾನೇ ಟೈಪು ಮಾಡಿದ ಹಾಗಿತ್ತು, ಒಂದು ತಪ್ಪೂ ಇರಲಿಲ್ಲ.
ಶಿವಮೊಗ್ಗದಿಂದ ಹೋಗಿ ಬಂದರೆ ದಿನಕ್ಕೆ ನೂರಿಪ್ಪತ್ತು ಕಿಲೋಮೀಟರು.
ಬಸ್ಸಾದರೆ ಮಂಡಗದ್ದೆಯಲ್ಲಿ ಚಾ, ಮಾಳೂರಲ್ಲಿ ಕಂಡಕ್ಟರನ ಮಾತುಕತೆ,
ಹತ್ತೂವರೆಯ ಕಲಾಪಕ್ಕೆ ಹನ್ನೊಂದಕ್ಕೆ ಏದುಸಿರಲ್ಲಿ ನಾನು.

ನಮ್ಮ ಮನೆಯವರು ಹಾಲೇಶಪ್ಪ, ಸೊಸೈಟಿ ಲೆಕ್ಕಿಗರು,
ಬಿಳಿ ಹಾಳೆಗೆ ಗೆರೆ ಹೊಡೆದು ಕಾಲಂ ಮಾಡಿದರು:
ಲೀಟರಿಗೆಷ್ಟು, ತಿಂಗಳಿಗೆಷ್ಟು, ಸರ್ವೀಸಿಗೆಷ್ಟು, ವಿಮೆಗೆಷ್ಟು.
ಎಳೆತಕ್ಕೆ ಕಾಲಂ ಇರಲಿಲ್ಲ. ಕೇಳಿದೆ.
"ಎತ್ತು ಕೊಳ್ತಿದೀಯಾ?" ಅಂದರು.

ಶಿರಸ್ತೇದಾರ್ ಬಸವಣ್ಯಪ್ಪ ಡೀಸೆಲ್ ಅಂದರು,
ಕ್ಯಾಂಟೀನಿನವ ಗ್ಯಾಸ್ ಕಿಟ್ ಅಂದ,
ಸರ್ಕಾರಿ ವಕೀಲರು ಮಾತ್ರ ಕನ್ನಡಕ ಒರೆಸುತ್ತ
"ಲಾರಿ ಪಕ್ಕ ಅರ್ಧಕ್ಕೆ ಸಿಕ್ಕಿಕೊಂಡಾಗ
ಮೈಲೇಜು ಕೈಹಿಡಿಯಲ್ಲಮ್ಮ" ಅಂದರು.
ಅದನ್ನು ದಾಖಲಿಸಿಕೊಂಡೆ.

ಸಾಗರ ರಸ್ತೆಯ ಶೋರೂಮಿನ ಹುಡುಗ ಸಮೀಉಲ್ಲಾ
ಬಾನೆಟ್ಟು ಎತ್ತಿದ. ಪೆಟ್ರೋಲು. ಒಂದೇ ಲೀಟರು, ಮೂರೇ ಸಿಲಿಂಡರು,
ಪಕ್ಕದಲ್ಲಿ ಬಸವನಹುಳುವಿನಂತೆ ಸುತ್ತಿಕೊಂಡ ಟರ್ಬೊ.
ಬಸವನಹುಳು! ನಗು ಬಂತು. ಓಡಿಸುವುದೇ ಅದಂತೆ.
"ಹೊಗೆ ಸುಮ್ಮನೆ ಹೋಗಲ್ಲ ಮೇಡಂ,
ಹೋಗ್ತಾ ಹೋಗ್ತಾ ಒಂದು ಚಕ್ರ ತಿರುಗಿಸಿ ಗಾಳಿ ತುಂಬಿಸಿ ಹೋಗುತ್ತೆ.
ಕಂಪನಿ ಪ್ರಕಾರ ಇಪ್ಪತ್ತು."
ಅದು ಹೇಳಿಕೆಯಪ್ಪಾ, ಅಂದೆ. ಪಾಟೀಸವಾಲು ಆಗಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಕೇಳಿ ಬೆಳೆದವಳು
ಸೀಟು ಹಿಂದಕ್ಕೆ ಸರಿಸಿ
ಹಾಸಿಗೆಯನ್ನೇ ಒಂದು ಗೇಣು ಉದ್ದ ಮಾಡಿಕೊಂಡೆ.

ಗಾಜನೂರು ದಾಟುವವರೆಗೆ ಸಭ್ಯಸ್ಥೆ.
ಆಮೇಲೆ ಜಲ್ಲಿ ಲಾರಿ, ಅದರ ಹಿಂದೆ ನಾನು, ಎದುರಿಗೆ ಖಾಲಿ ನೇರ ರಸ್ತೆ.
ಒತ್ತಿದೆ.
ಒಂದು ಕ್ಷಣ ಏನೂ ಇಲ್ಲ,
ಸಾಕ್ಷಿ ಉತ್ತರ ಕೊಡುವ ಮುಂಚೆ ಉಗುಳು ನುಂಗುವಷ್ಟು ಹೊತ್ತು.
ಆಮೇಲೆ ಸೀಟು ನನ್ನ ಬೆನ್ನು ಹಿಡಿದುಕೊಂಡಿತು.
ಲಾರಿಯ ಬೆನ್ನ ಮೇಲಿನ ಬರಹ ಓದಿ ಮುಗಿಸುವ ಮೊದಲೇ
ಅದರ ಮೂತಿ ನನ್ನ ಕನ್ನಡಿಯಲ್ಲಿತ್ತು.
ಪರದೆಯಲ್ಲಿ ಮೈಲೇಜು ಆರಕ್ಕೆ ಬಿದ್ದಿತ್ತು.
ಸಮೀಉಲ್ಲಾ ಬಾಗಿಲ ಹಿಡಿ ಹಿಡಿದು ದೇವರ ಹೆಸರು ಹೇಳುತ್ತಿದ್ದ.

ಸಕ್ರೆಬೈಲಿನಲ್ಲಿ ನಿಲ್ಲಬೇಕಾಯಿತು.
ಮಿಂದ ಆನೆಯೊಂದು ರಸ್ತೆಗೆ ನೀರು ಸುರಿಸುತ್ತ ಬರುತ್ತಿತ್ತು.
ಮೇಲೆ ಕೂತ ಮಾವುತ ಯಾರ ಜೊತೆಗೋ ಮಾತಾಡುತ್ತಲೇ
ಅದರ ಕಿವಿ ಹಿಂದೆ ಹೆಬ್ಬೆರಳಿಟ್ಟ. ಇಟ್ಟ ಅಷ್ಟೇ, ಒದೆಯಲಿಲ್ಲ.
ಅಷ್ಟು ದೊಡ್ಡ ಮೈ ಎಡಕ್ಕೆ ತಿರುಗಿತು.

ವಾಪಸು ಬರುವಾಗ ಚಪ್ಪಲಿ ಬಿಟ್ಟು ಓಡಿಸಿದೆ.

ಗೊತ್ತಿದ್ದದ್ದೇ ಇದು. ಇಪ್ಪತ್ತೇಳು ವರ್ಷ
ನ್ಯಾಯಾಧೀಶರ ನಾಲಗೆಯ ಹಿಂದೆ ಪೆನ್ಸಿಲು ಓಡಿಸಿದ್ದೇನೆ:
ಹೆಚ್ಚು ಬರೆದವಳು ಹಿಂದೆ ಬೀಳುತ್ತಾಳೆ.
ಸ್ವರ ಬಿಡು, ಗೆರೆ ತೆಳು ಮಾಡು,
ಒಂದು ಕೊಕ್ಕೆಯಲ್ಲಿ ಅರ್ಧ ವಾಕ್ಯ ಮುಗಿಸು.
ಕಡಿಮೆ ಸೀಸ, ಹೆಚ್ಚು ದೂರ.
ಉಳಿತಾಯ ಒಂದು ಕಾಲಂ, ಓಟ ಇನ್ನೊಂದು ಅಂತ
ಯಾರು ಗೆರೆ ಹೊಡೆದದ್ದೋ.

ಅದೇ ಕಾರು ಬಂತು. ಬಣ್ಣದ ವಿಷಯದಲ್ಲಿ ಹಾಲೇಶಪ್ಪನವರು ಸೋತರು.

ಅದರ ಗೂಡಿನಲ್ಲೊಂದು ಪುಟ್ಟ ಪುಸ್ತಕ ಇಟ್ಟಿದ್ದೇನೆ.
ಎಷ್ಟು ಹಾಕಿಸಿದೆ, ಎಷ್ಟು ಓಡಿತು,
ಎಲ್ಲ ಶೀಘ್ರಲಿಪಿಯಲ್ಲಿ, ಅಂಕಿಗಳೂ ಸಹ.
ಇಷ್ಟು ವರ್ಷದಲ್ಲಿ ಬೇರೆಯವರು ಹೇಳದ್ದನ್ನು ಬರೆದದ್ದು
ಇದೇ ಮೊದಲು.

ಭಾನುವಾರ ತಿಂಡಿ ಆದಮೇಲೆ ಸರಾಸರಿ ಕೇಳುತ್ತಾರೆ.
ಪುಸ್ತಕ ತೆರೆದು ಬೆರಳಿಟ್ಟು ಓದಿ ಹೇಳುತ್ತೇನೆ:
"ಹತ್ತೊಂಬತ್ತೂವರೆ."
ಅವರು ಕಾಲಂನಲ್ಲಿ ತುಂಬಿಕೊಳ್ಳುತ್ತಾರೆ.

ಬುಧವಾರದ ಪುಟದಲ್ಲಿ
ಒಂದು ಕೊಕ್ಕೆ, ಒಂದು ಚುಕ್ಕೆ, ಒಂದು ದಪ್ಪ ಗೆರೆ ಇದೆ:
ಮಂಡಗದ್ದೆ ದಾಟಿದ ನೇರ, ಹಸಿರು ಬಸ್ಸು, ಹನ್ನೊಂದು.
ಅದನ್ನು ಓದಬಲ್ಲವರು ಈ ಮನೆಯಲ್ಲಿ ಯಾರೂ ಇಲ್ಲ.