ನಡಾವಳಿ ಪುಸ್ತಕ

ಸಂಘದ ನಿಯಮ ಮೂರು:
ಸಭೆ ಸಂಜೆ ನಾಲ್ಕೂವರೆಗೆ, ಸೆಮಿನಾರ್ ಹಾಲಿನಲ್ಲಿ.
ಶ್ರೀನಿವಾಸಪುರದ ಬಸ್ಸು ನಾಲ್ಕು ನಲವತ್ತಕ್ಕೆ.
ಅದು ತಪ್ಪಿದರೆ ಏಳಕ್ಕೆ, ಅದೂ ಬಂದರೆ.

ಹೀಗಾಗಿ ಮೊದಲ ಸಭೆಯಲ್ಲಿ
ಹಾಸ್ಟೆಲಿನ ಇಬ್ಬರು, ಒಂದು ಫ್ಯಾನು, ಮತ್ತು ನಾನು.
ನಾನೂ ಐದು ನಿಮಿಷಕ್ಕೆ ಎದ್ದೆ.
ಸ್ವಾಗತ ಮುಗಿದಿತ್ತು, ವಂದನಾರ್ಪಣೆ ಉಳಿದಿತ್ತು.
ಗೇಟಿನವರೆಗೆ ಓಡುತ್ತಾ ವಂದಿಸಿದೆ.

ಕೋಲಾರದ ಹೊರಗೆ, ಕಲ್ಲುಗುಡ್ಡದ ಬೆನ್ನಿಗೆ ಒರಗಿದೆ
ನಮ್ಮ ವಿಶ್ವವಿದ್ಯಾಲಯ.
ಹೆಸರಿನಲ್ಲಿ ವಿಶ್ವ, ವಿಭಾಗ ಏಳು,
ಹುಣಸೆಮರ ಎರಡು, ಕ್ಯಾಂಟೀನು ಒಂದು,
ಅಲ್ಲೂ ಹನ್ನೊಂದಕ್ಕೆಲ್ಲ ಚಿತ್ರಾನ್ನ ಖಾಲಿ.
ಯಾರನ್ನು ಕೇಳಿದರೂ ಒಂದೇ ಮಾತು:
ಇಲ್ಲಿನ ಮಕ್ಕಳು ಯಾವುದಕ್ಕೂ ಸೇರುವುದಿಲ್ಲ,
ಆಸಕ್ತಿ ಇಲ್ಲ.
ಇಲ್ಲದ್ದು ಐದೂವರೆಯ ಬಸ್ಸು.

ಎರಡನೇ ಸಭೆ ಬಸ್ಸಿನಲ್ಲೇ ಸೇರಿತು. ಯಾರೂ ಕರೆದಿರಲಿಲ್ಲ.
ಹಿಂದಿನ ಉದ್ದ ಸೀಟಿನಲ್ಲಿ ಎಕನಾಮಿಕ್ಸಿನ ಅಮರಾವತಿ,
ಕಿಟಕಿಗೆ ಕಾಮರ್ಸಿನ ನಸೀಹಾ,
ಮೆಟ್ಟಿಲ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ಬ್ಯಾಟೇಶ.
ಖಾಯಂ ಆಹ್ವಾನಿತರು, ಕಂಡಕ್ಟರ್ ಪಿಳ್ಳಪ್ಪ.
ಹಾಜರಾತಿಯೂ ಅವರದೇ:
ಹುಡುಗರಿಗೆ ಪಾಸು ನೋಡುವರು,
ಹುಡುಗಿಯರಿಗೆ ಸೊನ್ನೆ ರೂಪಾಯಿಯ ಚೀಟಿ ಹರಿಯುವರು.
ಆ ಸೊನ್ನೆಯ ಬೆನ್ನಮೇಲೆ ನಾನು ನಡಾವಳಿ ಬರೆದೆ.
ಉಬ್ಬು ಬಂದಲ್ಲೆಲ್ಲ ಅಕ್ಷರ ಹಾರಿದೆ,
ಈಗ ಓದಿದರೆ ರಸ್ತೆ ಗೊತ್ತಾಗುತ್ತದೆ.

ಬ್ಯಾಟೇಶ ಪದ್ಯ ಓದಿದ.
ಮನೆಯಲ್ಲಿ ತೆಲುಗು, ಬರೆಯುವುದು ಕನ್ನಡ,
ತಡವರಿಸಿದ ಸಾಲಿನಲ್ಲಿ ಎರಡೂ.
'ಏಮ್ರಾ, ಏರಿನಲ್ಲಿ ಬ್ರೇಕ್ ಹಾಕಿಬಿಟ್ಟೆ' ಎಂದರು ಪಿಳ್ಳಪ್ಪ.
ಅಷ್ಟು ನೇರದ ವಿಮರ್ಶೆ ಸೆಮಿನಾರ್ ಹಾಲು ಕೇಳಿಲ್ಲ.

ವಿದ್ಯಾರ್ಥಿ ಕಲ್ಯಾಣಾಧಿಕಾರಿಗಳ ಕೊಠಡಿ.
ಅನುದಾನದ ಅರ್ಜಿ, ಸಾವಿರದ ಐನೂರಕ್ಕೆ.
'ಸಭೆಯ ಸ್ಥಳ' ಎಂಬ ಖಾನೆಯಲ್ಲಿ
ಬಸ್ಸಿನ ನಂಬರು ಬರೆದಿದ್ದೆ.
ಸಾರ್ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.
'ಆವರಣದ ಒಳಗೆ ಅಂತಿದೆಯಲ್ಲಮ್ಮ ನಿಯಮ.'
ಆವರಣ ಎಲ್ಲಿಗೆ ಮುಗಿಯುತ್ತದೆ ಸಾರ್,
ಕೇಳಬೇಕೆಂದಿದ್ದೆ.
ಗೋಡೆಯ ಗಡಿಯಾರ ನಾಲ್ಕು ಮೂವತ್ತೈದು.
ಕೇಳಲಿಲ್ಲ.

ಮಾರ್ಚಿಯ ಒಂದು ಸಂಜೆ, ಮಾವಿನ ತೋಪುಗಳ ನಡುವೆ
ಹಿಂದಿನ ಟೈರು ಉಸಿರು ಬಿಟ್ಟಿತು.
ಸ್ಟೆಪ್ನಿ ಮೊದಲೇ ಬೋಳು.
ಡಿಪೋದಿಂದ ಬೇರೆ ಬಸ್ಸು ಬರಲು ಒಂದೂವರೆ ಗಂಟೆ.
ಮೊದಲ ಸಲ ನಮ್ಮ ಸಂಘಕ್ಕೆ ಸಮಯ ಸಿಕ್ಕಿತು,
ಏನು ಮಾಡಬೇಕೋ ತಿಳಿಯದೆ
ಮೋರಿಯ ಕಟ್ಟೆಮೇಲೆ ಸಾಲಾಗಿ ಕೂತೆವು.

ಎರಡು ವರ್ಷ ಬರೀ ಕೇಳಿಸಿಕೊಂಡೇ ಇದ್ದ ನಸೀಹಾ
ಚೀಲದಿಂದ ಲೆಡ್ಜರು ತೆಗೆದಳು.
ಎಡಕ್ಕೆ ಜಮಾ, ಬಲಕ್ಕೆ ಖರ್ಚು,
ನಡುವಿನ ಕೆಂಪು ಗೆರೆಯ ಗುಂಟ, ಸಣ್ಣಗೆ, ಪದ್ಯ.
ಬಿಸಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕುವ
ಅಮ್ಮನ ಬೆರಳು ಬೆಳ್ಳಗೆ ಸುಕ್ಕಾಗುವುದು,
ರಾತ್ರಿ ಆ ಬೆರಳು ತಲೆ ಬಾಚುವಾಗ
ಕೂದಲಲ್ಲೂ ಎಳೆ ಹುಡುಕುವುದು.
ಕೊನೆಯ ಸಾಲು ಓದಲಿಲ್ಲ.
'ಅದಿನ್ನೂ ಟ್ಯಾಲಿ ಆಗಿಲ್ಲ' ಅಂದಳು.

ಖಾಲಿ ಟೊಮೆಟೊ ಕ್ರೇಟಿನ ಮೇಲೆ ಕೂತಿದ್ದ ಹೆಂಗಸು
ಚಪ್ಪಾಳೆ ತಟ್ಟಲಿಲ್ಲ.
ಗಿಡದ ಹಸಿರು ಕಪ್ಪಾಗಿ ಕೂತ
ತನ್ನ ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡಳು.
ಆಮೇಲೆ, 'ದಿನಾ ಓದ್ತೀರಾ ಇದೆಲ್ಲ?'
'ಸೀಟು ಸಿಕ್ಕರೆ' ಎಂದಳು ಅಮರಾವತಿ.

ಹಾಜರಿದ್ದವರು: ಮೂವತ್ತೊಂದು, ಡ್ರೈವರ್ ಸೇರಿ.
ಕೋರಂಗೆ ಬೇಕಿದ್ದದ್ದು ಎಂಟು.
ನಿರ್ಣಯ: ಇಲ್ಲ.
ಖರ್ಚು: ಹುರಿದ ಕಡಲೆಕಾಯಿ, ಇಪ್ಪತ್ತು ರೂಪಾಯಿ,
ಪಿಳ್ಳಪ್ಪನವರ ಸ್ವಂತ ಜೇಬಿನಿಂದ,
ಟಿಕೆಟ್ ಚೀಲದಿಂದಲ್ಲ ಎಂದು ಬರೆಯಲು ಹೇಳಿದ್ದಾರೆ.

ವಂದನಾರ್ಪಣೆಗೆ ಎದ್ದು ನಿಂತೆ.
ತಿರುವಿನಲ್ಲಿ ಬಸ್ಸಿನ ದೀಪ ಕಂಡಿತು,
ಎಲ್ಲರೂ ಚೀಲ ಎತ್ತಿಕೊಂಡರು.
ಪುಟದಲ್ಲಿ ಆ ಜಾಗ ಹಾಗೇ ಬಿಟ್ಟಿದ್ದೇನೆ.