ಹಿಟ್ಟು ಒದ್ದೆಯಾಗುವ ಜಾಗ

ಮೊದಲು ಕಂಡವಳು ನನ್ನ ಮಗಳು.
"ಅಮ್ಮಾ, ದೋಣಿಯ ಹಿಂದೆ ಕಾಮನಬಿಲ್ಲು ಬಿದ್ದಿದೆ."
ಬಗ್ಗಿ ನೋಡಿದೆ. ಬಿದ್ದಿತ್ತು, ನಿಜವೇ,
ವಿಕ್ಟೋರಿಯಾ ಸರೋವರದ ಕಂದು ನೀರಿನ ಮೇಲೆ
ನೇರಳೆ, ಹಸಿರು, ಅಂಚಿಗೊಂದಿಷ್ಟು ಕೆಂಪು,
ಲೀಟರಿಗೆ ನೂರೆಂಬತ್ತು ಶಿಲಿಂಗಿನಂತೆ ನಾನು ಕೊಂಡ ಬಣ್ಣ.

ಹನಿಗೂಡಿದರೆ ಹಳ್ಳ ಎಂದವರು
ಹನಿ ಹೋಗುವ ದಿಕ್ಕಿನಲ್ಲಿ ನಿಂತು ನೋಡಿದವರಲ್ಲ.

ಎಂಜಿನ್ನು ನನ್ನ ಮದುವೆಗಿಂತ ಹಳೆಯದು.
ಹದಿನೈದು ಕುದುರೆಗಳಲ್ಲಿ ಎಷ್ಟು ಉಳಿದಿವೆಯೋ,
ಎರಡು ಕುಂಟುತ್ತವೆ, ಒಂದು ಸದಾ ಕೆಮ್ಮುತ್ತದೆ.
ಟೊಪ್ಪಿಯ ಮೇಲೆ ಕಂಪನಿಯ ಹೆಸರು ಅಳಿಸಿ
ಯಾರೋ ಹಳೆಯ ಯಜಮಾನ ಬಿಳಿ ಬಣ್ಣದಲ್ಲಿ ಬರೆದಿದ್ದಾನೆ: ತಾಳ್ಮೆ.
ಅವನಿಗೇ ಇರಲಿಲ್ಲ, ಮಾರಿಬಿಟ್ಟ.

ಒಗ್ವೆನೊ ಇದ್ದಿದ್ದರೆ ಮೂಗಿನಲ್ಲೇ ಹುಡುಕುತ್ತಿದ್ದ.
ಅವನು ಎಂಬಿಟಾದ ಸಾವಿನ ಮನೆಗೆ ಹೋಗಿ ನಾಲ್ಕು ದಿನ.
ಇವತ್ತೋ ಚಂದ್ರನಿಲ್ಲದ ರಾತ್ರಿ,
ಒಮೆನಾ ಮೀನು ದೀಪಕ್ಕೆ ಮರುಳಾಗಿ ಬರುವ ರಾತ್ರಿ.
ಮೀನು ಯಾರ ಸೂತಕಕ್ಕೂ ಕಾಯುವುದಿಲ್ಲ.

ಸೋಮವಾರ ಹೊಸ ಪೈಪು ಹಾಕಿ ಕ್ಲಿಪ್ಪು ಬಿಗಿದೆ.
ಸೋರಿತು.
ರಬ್ಬರ್ ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ, ಬಿರುಕಿಲ್ಲ.
ಸೋರಿತು.
ಮಾವ ಬಂದು "ಸೋಪು ಮೆತ್ತು" ಅಂದ, ಮೆತ್ತಿದೆ.
ಸೋಪಿನ ಪರಿಮಳದೊಂದಿಗೆ ಸೋರಿತು.

ಹತ್ತು ಮಾರು ದೂರದಲ್ಲಿ ಅವಿನೊ ಮೀನು ಕರಿಯುತ್ತಿದ್ದಳು.
"ಒಲೆ ಆರಿಸೇ" ಅಂದೆ.
"ಎಣ್ಣೆ ಈಗಷ್ಟೇ ಕಾದಿದೆ, ನಿನ್ನ ದೋಣಿ ತಳ್ಳು."
"ದೋಣಿ ಸುಟ್ಟುಹೋದರೆ ಕರಿಯಲು ಮೀನು ಯಾರು ತರುತ್ತಾರೆ?"
"ನಿನ್ನದೊಂದೇ ದೋಣಿಯೇ ಈ ನೀರಿನಲ್ಲಿ?"
ಕೊನೆಗೆ ನಾನೇ ತಳ್ಳಿದೆ,
ಬೆರಳು ಒದ್ದೆ ಮಾಡಿ ಗಾಳಿ ನೋಡಿಕೊಂಡು,
ಜೊಂಡು ಎದೆಮಟ್ಟ ಬೆಳೆದ ಕಡೆಗೆ.

ಟೊಪ್ಪಿ ಕಳಚಿದೆ. ಹಳೆಯ ಅಂಗಿಯಿಂದ ಒರೆಸಿದೆ,
ಮಗುವಿನ ಕಿವಿಯ ಹಿಂದೆ ಒರೆಸುವ ಹಾಗೆ, ಸಂದಿಸಂದಿ.
ಬಿಸಿಲಿಗೆ ಬಿಟ್ಟೆ. ಮತ್ತೆ ಒಗ್ವೆನೊ ಒಮ್ಮೆ ಮಾಡಿದಂತೆ
ಹಿಡಿ ಮೆಕ್ಕೆಜೋಳದ ಹಿಟ್ಟು ಅಂಗೈಯಲ್ಲಿಟ್ಟು
ಊದಿದೆ.
ಒಂದೇ ಉಸಿರಿಗೆ ಕಬ್ಬಿಣಕ್ಕೆ ನರೆ ಬಂತು.

ಮಗಳು ಉಂಡೆ ಹಿಸುಕಿದಳು, ಗಟ್ಟಿಯಾಗುವವರೆಗೆ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆವು,
ಎಣ್ಣೆಗಾಗಿಯೇ.
ಬಹಳ ಹೊತ್ತು ಏನೂ ಇಲ್ಲ.
ಒಂದು ನೊಣ ಬಂದು ಹಿಟ್ಟಿನ ಮೇಲೆ ನಡೆದು
ಹೆಜ್ಜೆ ಬಿಟ್ಟು ಹೋಯಿತು.
ಆಮೇಲೆ ಕಾರ್ಬ್ಯುರೇಟರಿನ ಬಟ್ಟಲಂಚಿಗೆ
ಸಾಸಿವೆಯಷ್ಟು ಜಾಗ ಕಪ್ಪಾಯಿತು.
ಸಾಸಿವೆ ಕಡಲೆಯಾಯಿತು.
ಕಡಲೆಗೆ ಕಾಲು ಮೂಡಿ ಕೆಳಗಿಳಿಯಿತು.
"ಅಲ್ಲಿ" ಎಂದು ಪಿಸುಗುಟ್ಟಿದಳು ಮಗಳು,
ಕೂಗಿದರೆ ಓಡಿಬಿಡುವ ಪ್ರಾಣಿಯೇನೋ ಎಂಬಂತೆ.

ಪೈಪಲ್ಲ, ಉಂಡೆಯಲ್ಲ, ನಾನು ಬೈದ ಯಾವುದೂ ಅಲ್ಲ.
ನಾಲ್ಕು ಸ್ಕ್ರೂ ಬಿಚ್ಚಿದರೆ ಒಳಗೊಂದು ತೇಲುಬುರುಡೆ,
ಅದು ಎತ್ತಿ ಇಳಿಸುವ ಪುಟ್ಟ ಸೂಜಿ,
ಸೂಜಿಯ ಮೊನೆಯಡಿ ಒಂದು ಮರಳಿನ ಕಣ,
ಬಾಗಿಲ ಸಂದಿಗೆ ಕಾಲು ತೂರಿ ನಿಂತ ವಸೂಲಿಯವನಂತೆ.
ಊದಿದೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭ.
ಅಷ್ಟಕ್ಕೆ ನಾಲ್ಕು ದಿನ.

ಗ್ಯಾಸ್ಕೆಟ್ಟೂ ಬಿರಿದಿತ್ತು. ಅಂಗಡಿ ಆಚೆ ದಡದಲ್ಲಿ.
ಮಗಳ ಲೆಕ್ಕದ ಪುಸ್ತಕದ ರಟ್ಟು ಕೇಳಿದೆ,
ಯೋಚಿಸಿ, ಕೊಟ್ಟಳು.
ಬಟ್ಟಲಿನ ಬಾಯಿಗಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿದೆ,
ಅಂಚು ತಾನೇ ತನ್ನನ್ನು ಕತ್ತರಿಸಿಕೊಂಡಿತು.
ಗ್ರೀಸು ಸವರಿ ಕೂರಿಸಿದೆ. ಏಳರ ಮಗ್ಗಿ ಒಳಮೈಗೆ ಬಂತು.
ಹೊಸದು ಸಿಗುವವರೆಗೆ ಪೆಟ್ರೋಲು ಮಗ್ಗಿ ಕಲಿಯಲಿ.

ಸಂಜೆ ಹುಡುಗರು ಬಂದು ಏನೂ ಕೇಳದೆ ಹಗ್ಗ ಎಳೆದರು.
ಮೂರನೆಯ ಎಳೆತಕ್ಕೆ ಕೆಮ್ಮಿ ಹತ್ತಿತು.
ಅವಿನೊ ಎರಡು ತುಂಡು ಮೀನು ಕಳಿಸಿದ್ದಳು,
ಸ್ವಲ್ಪ ಸೀದದ್ದು, ಮಾತಿಲ್ಲದೆ.
ಬೂದಿ ಹಚ್ಚಿ ತಿಕ್ಕಿದರೂ ಕೈಯ ವಾಸನೆ ಹೋಗಲಿಲ್ಲ,
ಮೀನೂ ಪೆಟ್ರೋಲಿನಂತೆಯೇ ರುಚಿಸಿತು.

ಬೆಳಗ್ಗೆ ದೋಣಿ ಬರುವ ಹೊತ್ತಿಗೆ
ಮಗಳು ದಡದಲ್ಲಿ ಬಗ್ಗಿ ನಿಂತಿದ್ದಳು.
"ಕಾಮನಬಿಲ್ಲು?"
"ರಿಪೇರಿಯಾಯಿತು" ಅಂದೆ.
ಮುಖ ಸಣ್ಣದು ಮಾಡಿಕೊಂಡು ಶಾಲೆಗೆ ಹೋದಳು,
ರಟ್ಟಿಲ್ಲದ ಪುಸ್ತಕ ಎದೆಗವಚಿಕೊಂಡು.